ಮೋಟರು ಕಟ್ಟಿದ ಕೈ

ಬಂಡಿಯ ಗಾಲಿ ಕಿರುಗುಟ್ಟಿದರೆ ನಮ್ಮ ಮನೆಯಲ್ಲಿ ಯಾರಿಗೂ ಊಟ ಇಳಿಯುತ್ತಿರಲಿಲ್ಲ. ತಾವರಗೇರಾದ ಬಡಿಗರು ನಾವು. ಅಜ್ಜ ಗಾಲಿ ಮಾಡಿದ, ಅಪ್ಪ ಗಾಲಿ ಮಾಡಿದ. ನಮ್ಮ ಕೈಯಲ್ಲಿ ಹುಟ್ಟಿದ ಗಾಲಿ ಸಂತೆಯ ದಾರಿಯಲ್ಲಿ ಸದ್ದು ಮಾಡಿದರೆ, ಮನೆಯಲ್ಲಿ ಒಂದು ಹನಿ ಎಣ್ಣೆಗೂ ಗತಿ ಇಲ್ಲವೇ ಎಂದು ಜನ ಬಾಗಿಲ ಮುಂದೆ ನಿಂತೇ ಕೇಳುತ್ತಿದ್ದರು. ಹಾಗಾಗಿ ಎಲ್ಲೇ ಕಿರ್ರೆಂದರೂ ನನ್ನ ಕೈ ತಾನಾಗಿ ಔಡಲೆಣ್ಣೆಯ ಡಬ್ಬಿಗೆ ಹೋಗುತ್ತಿತ್ತು. ಈ ಚಾಳಿ ಮುಂದೆ ನನಗೆ ಎಷ್ಟು ದುಬಾರಿಯಾಯಿತು ಎಂಬುದನ್ನು ಹೇಳಬೇಕೆಂದೇ ಕುಳಿತಿದ್ದೇನೆ.

ನನ್ನದು ಮೊದಲಿನಿಂದಲೂ ಮೂಗಿನ ತುದಿಯ ಸಿಟ್ಟು. ಇಪ್ಪತ್ತೆರಡನೆಯ ವಯಸ್ಸಿನಲ್ಲಿ ಒಂದು ಗಾಲಿಯ ಅಳತೆಗೆ ಅಪ್ಪನ ಜೊತೆ ಜಗಳ ತೆಗೆದೆ. ಇನ್ನು ಮೇಲೆ ಕಟ್ಟಿಗೆ ಮುಟ್ಟುವುದಿಲ್ಲ, ಮುಟ್ಟಿದರೆ ಕಬ್ಬಿಣ ಮುಟ್ಟುತ್ತೇನೆ ಎಂದು ನಾಲ್ಕು ಮಂದಿಯ ಎದುರಿಗೆ ಕೂಗಾಡಿ, ಹೆಂಡತಿಯನ್ನು ಕರೆದುಕೊಂಡು ಗಂಗಾವತಿಗೆ ಬಂದುಬಿಟ್ಟೆ. ಅಲ್ಲಿ ಒಂದು ಅಕ್ಕಿ ಗಿರಣಿಯಲ್ಲಿ ಎಣ್ಣೆ ಎಂಜಿನ್ನು ನೋಡಿಕೊಳ್ಳುವ ಕೆಲಸ ಸಿಕ್ಕಿತು. ಎರಡು ವರ್ಷದಲ್ಲಿ ಎಂಜಿನ್ನು ನನ್ನ ಮಾತು ಕೇಳತೊಡಗಿತು, ಜನ ನನ್ನನ್ನು ಮಿಸ್ತ್ರಿ ಎನ್ನತೊಡಗಿದರು. ಆ ಹೆಸರಿಗೆ ನಾನು ಎಷ್ಟು ಹಿಗ್ಗಿದ್ದೆನೆಂದರೆ, ಮನೆಯಲ್ಲಿ ಹೆಂಡತಿಯೂ ಹಾಗೇ ಕರೆದರೆ ಚೆನ್ನ ಎಂದುಕೊಳ್ಳುತ್ತಿದ್ದೆ. ಆಕೆ ಕರೆಯಲಿಲ್ಲ.

ಆಕೆ ಕೊಪ್ಪಳದವಳು. ನಮ್ಮ ಜಾತಿಯವರೇ, ಆದರೆ ಆಕೆಯ ತವರುಮನೆ ಇದ್ದದ್ದು ನೇಕಾರರ ಓಣಿಯಲ್ಲಿ. ಚಿಕ್ಕಂದಿನಿಂದ ನೆರೆಮನೆಯ ಮಗ್ಗದ ಮಗ್ಗುಲಲ್ಲೇ ಬೆಳೆದವಳು. ರಾಟಿ ತಿರುಗಿಸಿ, ಲಾಳಿಯೊಳಗೆ ಕೂರುವ ಕಂಡಿಕೆಗೆ ನೂಲು ಸುತ್ತಿಕೊಡುವುದು ಆಕೆಗೆ ಆಟವಾಗಿತ್ತು. ಮದುವೆಯಾಗಿ ಬರುವಾಗ ಆ ನೆರೆಮನೆಯ ಅಜ್ಜಿ ಒಂದು ಹಳೆಯ ರಾಟಿಯನ್ನು ಆಕೆಯ ಕೈಗಿತ್ತು ಕಳಿಸಿದ್ದಳಂತೆ. ಅದನ್ನು ಕಂಡಾಗಲೆಲ್ಲ ನಾನು, ಬಡಿಗರ ಮನೆಗೆ ಇದೆಂಥ ಬಳುವಳಿ ಎಂದು ಹಂಗಿಸುತ್ತಿದ್ದೆ.

ಎರಡನೆಯ ದೊಡ್ಡ ಯುದ್ಧ ಶುರುವಾದ ಕಾಲಕ್ಕೆ ನಮ್ಮ ಸಾಹುಕಾರರು ಗಿರಣಿಯ ಅಂಗಳದಾಚೆ ಹೊಸ ಶೆಡ್ಡು ಹಾಕಿಸಿ, ಶೇಂಗಾ ಸುಲಿಯುವ ಯಂತ್ರ ತಂದಿಟ್ಟರು. ಎಂಜಿನ್ನಿನ ಪಟ್ಟಾ ಅಂಗಳ ದಾಟಿ ಅಲ್ಲಿಗೆ ಮುಟ್ಟುವಂತಿರಲಿಲ್ಲ. ಅದಕ್ಕೆಂದು ಮುಂಬಯಿಯಿಂದ ಒಂದು ಡೈನಮೊ, ಒಂದು ಮೋಟರು ತರಿಸಿದರು. ಎರಡೂ ಯಾರೋ ಬಳಸಿ ಬಿಟ್ಟವು. ಎಂಜಿನ್ನು ಡೈನಮೊವನ್ನು ತಿರುಗಿಸಬೇಕು, ಡೈನಮೊದಲ್ಲಿ ಹುಟ್ಟಿದ ಕರೆಂಟು ತಂತಿಯ ಮೇಲೆ ಅಂಗಳ ದಾಟಬೇಕು, ಆಚೆ ಮೋಟರು ತಿರುಗಬೇಕು. ಊರಿನ ಬೀದಿಗೆ ಇನ್ನೂ ವಿದ್ಯುತ್ತಿನ ದೀಪ ಬಂದಿರಲಿಲ್ಲ. ಮೋಟರು ಮೊದಲ ದಿನ ತಿರುಗಿದಾಗ, ಯಾರೂ ಎಳೆಯದೆ, ಯಾರೂ ತಳ್ಳದೆ, ಹೊಗೆಯನ್ನೂ ಬಿಡದೆ ತನ್ನಷ್ಟಕ್ಕೆ ಸುತ್ತುವ ಆ ಕಬ್ಬಿಣವನ್ನು ನೋಡುತ್ತ ನಾನು ಮಧ್ಯಾಹ್ನದ ಊಟವನ್ನೇ ಮರೆತೆ. ಇಂದಿಗೂ ಅಷ್ಟು ಚೆಂದದ ವಸ್ತುವನ್ನು ನಾನು ನೋಡಿಲ್ಲ.

ಅದನ್ನು ಕೂರಿಸಲು ರಾಯಚೂರಿನಿಂದ ಒಬ್ಬ ಹಿರಿಯ ಮಿಸ್ತ್ರಿ ಬಂದಿದ್ದರು. ದಖನಿ ಮಾತಿನ ಮುಸಲ್ಮಾನರು. ನನ್ನೊಡನೆ ಕನ್ನಡದಲ್ಲೇ ಮಾತಾಡುತ್ತಿದ್ದರು, ನಾನು ಅವರನ್ನು ಚಾಚಾ ಎನ್ನುತ್ತಿದ್ದೆ. ಎಂಟು ದಿನ ಇದ್ದು ಮೋಟರಿನ ಹೊಟ್ಟೆ ಬಿಚ್ಚಿ ತೋರಿಸಿದರು. ಹೊರಗೆ ಮೈಗೆ ಅಂಟಿಕೊಂಡು ಕೂತ ತಂತಿಯ ಸುರುಳಿಗಳು, ಕರೆಂಟು ಬಂದೊಡನೆ ಅವು ಆಯಸ್ಕಾಂತವಾಗುತ್ತವೆ. ಒಳಗೆ ತಿರುಗುವ ಉರುಳೆ ಆರ್ಮೇಚರು, ಅದರ ಮೈಮೇಲೆ ಉದ್ದಕ್ಕೂ ಕೊರೆದ ಕಾಲುವೆಗಳಲ್ಲಿ, ನಮ್ಮ ಬಡಿಗರ ಮಾತಿನಲ್ಲಿ ಗಾಡಿಗಳಲ್ಲಿ, ಕೂತ ಹತ್ತಿ ನೂಲು ಹೊದ್ದ ತಂತಿಯ ಕಟ್ಟುಗಳು. ಹೊರಗಿನದು ಒಳಗಿನದನ್ನು ತನ್ನ ಕಡೆಗೆ ಸೆಳೆಯುತ್ತದೆ. ಇನ್ನೇನು ಮುಟ್ಟಬೇಕು ಎನ್ನುವಾಗ ಕರೆಂಟು ಹರಿಯುವ ದಿಕ್ಕು ಬದಲಾಗಿಬಿಡುತ್ತದೆ, ಒಳಗಿನದು ಮತ್ತೆ ಓಡಲೇಬೇಕು. ಈ ಬದಲಾವಣೆ ಮಾಡುವುದು ಆರ್ಮೇಚರಿನ ಒಂದು ತುದಿಯಲ್ಲಿರುವ ತಾಮ್ರದ ಗುಂಡು. ಅದು ಒಂದೇ ತಾಮ್ರವಲ್ಲ, ಸಣ್ಣ ಸಣ್ಣ ಪಟ್ಟಿಗಳು, ಒಂದೊಂದರ ನಡುವೆಯೂ ಕರೆಂಟು ದಾಟದಂತೆ ಅಭ್ರಕದ ತೆಳು ಗೋಡೆ. ಆ ಗುಂಡಿನ ಮೇಲೆ ಎರಡು ಇದ್ದಿಲ ತುಂಡುಗಳು ಸ್ಪ್ರಿಂಗಿನ ಒತ್ತಿಗೆ ಕೂತು ಕರೆಂಟು ದಾಟಿಸುತ್ತವೆ. ಚಾಚಾ ಅವನ್ನು ಕಾರ್ಬನ್ನು ಎನ್ನುತ್ತಿದ್ದರು.

ನೋಡಿಕೊಳ್ಳುವ ಕೆಲಸ ಅಂಥ ದೊಡ್ಡದಲ್ಲ. ದಿನಾ ಬೆಳಿಗ್ಗೆ ತಿದಿಯಿಂದ ಗಾಳಿ ಊದಿ ದೂಳು ತೆಗೆಯಬೇಕು. ಎರಡು ತುದಿಯ ಬೇರಿಂಗಿನಲ್ಲಿ ಎಣ್ಣೆ ನೋಡಬೇಕು, ಎಣ್ಣೆಯಲ್ಲಿ ತೊಯ್ದ ಬಳೆ ಒಳಗೆ ತಿರುಗುತ್ತಿದೆಯೇ ಎಂದು ಇಣುಕಬೇಕು. ಓಡುವಾಗ ಮೈಮೇಲೆ ಹಿಂಗೈ ಇಟ್ಟು ಕಾವು ನೋಡಬೇಕು. ಕಾರ್ಬನ್ನು ಸವೆದರೆ ಹೊಸದು ಹಾಕಬೇಕು. ಹೊಸದರ ತುದಿಯನ್ನು ಗಾಜಿನ ಕಾಗದದಿಂದ, ಅಂದರೆ ಗಾಜಿನ ಪುಡಿ ಅಂಟಿಸಿದ ಒರಟು ಕಾಗದದಿಂದ ಉಜ್ಜಿ, ಗುಂಡಿನ ದುಂಡಿಗೆ ಸರಿಯಾಗಿ ಕೂರುವಂತೆ ಮಾಡಬೇಕು. ಹೊರಡುವ ದಿನ ಚಾಚಾ ನನ್ನ ಮೊಣಕೈ ಹಿಡಿದು ಹೇಳಿದರು. "ಎಣ್ಣಿ ಎರಡು ಕಡೆ ಅಷ್ಟ. ತಾಂಬ್ರದ ಮ್ಯಾಲೆ ಒಂದ್ ಹನಿ ಬಿದ್ರೂ ಇದು ಸತ್ತಂಗ ತಿಳಿ, ಬೇಟಾ."

ನಾನು ತಿಳಿದೆ. ಒಂದು ಸುಗ್ಗಿ ಪೂರ್ತಿ ಆ ಮೋಟರನ್ನು ತೊಟ್ಟಿಲ ಕೂಸಿನಂತೆ ನೋಡಿಕೊಂಡೆ.

ಮರುವರ್ಷ ಮಹಾನವಮಿಗೆ ಸಾಹುಕಾರರ ಬೀಗರು ಯಲಬುರ್ಗಾದಿಂದ ಬಂದಿದ್ದರು. ಬನ್ನಿ ಕೊಟ್ಟು ಮುಗಿದ ಮಾರನೆಯ ದಿನ ಹತ್ತು ಹನ್ನೆರಡು ಮಂದಿ ಮೋಟರು ನೋಡಲು ಶೆಡ್ಡಿಗೆ ಬಂದರು. ಹಿಂದಿನ ದಿನವಷ್ಟೇ ನಾನು ಕಾರ್ಬನ್ನು ಬದಲಿಸಿದ್ದೆ. ಹಬ್ಬದ ಗಡಿಬಿಡಿಯಲ್ಲಿ ತುದಿ ಉಜ್ಜುವುದನ್ನು ಅರ್ಧಕ್ಕೇ ಬಿಟ್ಟಿದ್ದೆ. ಕರೆಂಟಿನ ಗುಂಡಿ ಹಾಕಿದೆ. ಮೋಟರು ತಿರುಗಿತು. ತಿರುಗುತ್ತ, ಎಲ್ಲರ ಕಿವಿ ಸೀಳುವಂತೆ ಕಿರುಗುಟ್ಟಿತು.

ಬೀಗರಲ್ಲಿ ಯಾರೋ ಒಬ್ಬರು ನಕ್ಕರು. ಸಾಹುಕಾರರು ನನ್ನ ಕಡೆ ನೋಡಿದರು. ಚಾಚಾ ಹೇಳಿದ್ದು ಆ ಗಳಿಗೆಯಲ್ಲಿ ನನಗೆ ನೆನಪಿರಲಿಲ್ಲವೆಂದರೆ ಸುಳ್ಳಾಗುತ್ತದೆ. ನೆನಪಿತ್ತು. ಆದರೆ ಮೂರು ತಲೆಮಾರಿನ ನಾಚಿಕೆ ಅದಕ್ಕಿಂತ ಮುಂದೆ ಬಂದು ನಿಂತಿತು. ಕೋಳಿಯ ಗರಿಯನ್ನು ಔಡಲೆಣ್ಣೆಯಲ್ಲಿ ಅದ್ದಿ, ತಿರುಗುವ ತಾಮ್ರದ ಗುಂಡಿಗೆ ಸವರಿದೆ. ಸದ್ದು ತಕ್ಷಣ ನಿಂತಿತು. ಬೀಗರು ತಲೆದೂಗಿದರು. ಕೈಗುಣ ಅಂದರೆ ಇದು ಎಂದು ಒಬ್ಬ ಹಿರಿಯರು ಹೊಗಳಿದರು, ನಾನು ಬೀಗಿದೆ. ಸ್ವಲ್ಪವೇ ತಾನೆ, ಆಮೇಲೆ ಒರೆಸಿದರಾಯಿತು ಎಂದುಕೊಂಡೆ. ಒರೆಸಲಿಲ್ಲ. ಅಷ್ಟೇ ಅಲ್ಲ, ಮರುದಿನ ಮತ್ತೆ ಸಣ್ಣಗೆ ಕಿರ್ರೆಂದಾಗ ಮತ್ತೊಮ್ಮೆ ಸವರಿದೆ.

ಎಣ್ಣೆಗೆ ಇದ್ದಿಲ ಪುಡಿ ಕೂಡಿ ಕಪ್ಪು ಅಂಟಾಯಿತು. ಆ ಅಂಟು ತಾಮ್ರದ ಪಟ್ಟಿಗಳ ನಡುವಿನ ಸಂದಿಗಳನ್ನು ತುಂಬಿತು. ದಾಟಬಾರದ ಕಡೆ ಕರೆಂಟು ದಾಟಿತು. ಮೂರನೆಯ ದಿನ ಮಧ್ಯಾಹ್ನ ಗುಂಡಿನ ಸುತ್ತ ನೀಲಿ ಬೆಂಕಿಯ ಬಳೆ ಎದ್ದಿತು. ನಾನು ಓಡಿಹೋಗಿ ಕರೆಂಟು ತೆಗೆಯುವುದರೊಳಗೆ ಸುಟ್ಟ ಹತ್ತಿಯ ವಾಸನೆ ಶೆಡ್ಡು ತುಂಬಿತ್ತು.

ಸಾಹುಕಾರರ ಎದುರಿಗೆ ತಪ್ಪು ಒಪ್ಪಿಕೊಂಡೆ. ಅವರು ಕೂಗಾಡಲಿಲ್ಲ, ಅದೇ ನನಗೆ ಹೆಚ್ಚು ಹೆದರಿಕೆ ತಂದಿತು. ದೀಪಾವಳಿ ಮುಗಿಯುತ್ತಲೇ ಯಲಬುರ್ಗಾ, ಕುಷ್ಟಗಿ ಕಡೆಯ ಶೇಂಗಾದ ಬಂಡಿಗಳು ಬರುತ್ತವೆ, ಅಷ್ಟರೊಳಗೆ ಮೋಟರು ತಿರುಗಬೇಕು, ಇಲ್ಲದಿದ್ದರೆ ಹೊಳೆ ದಾಟಿ ಹೊಸಪೇಟೆಯಿಂದ ಬೇರೆ ಮಿಸ್ತ್ರಿ ಬರುತ್ತಾನೆ, ನೀನು ನಿನ್ನ ದಾರಿ ನೋಡಿಕೋ ಎಂದರು. ನನ್ನ ದಾರಿ ಎಂದರೆ ತಾವರಗೇರಾ. ಅಪ್ಪನ ಬಾಗಿಲು. ಕಬ್ಬಿಣ ಮುಟ್ಟುತ್ತೇನೆಂದು ಕೂಗಿ ಹೋದವನು ಕಬ್ಬಿಣ ಸುಟ್ಟು ಬಂದ ಎಂದು ನಗುವ ಊರು. ಅದಕ್ಕಿಂತ ಸಾಯುವುದು ಮೇಲು ಎನಿಸಿತು. ಚಾಚಾರಿಗೆ ಕಾಗದ ಬರೆದರೆ, ಅವರು ಯುದ್ಧದ ಕಾರಖಾನೆಯ ಕೆಲಸಕ್ಕೆ ದೂರ ಹೋಗಿದ್ದಾರೆಂದು ಅವರ ಮನೆಯಿಂದ ಉತ್ತರ ಬಂತು. ಹೊಸ ತಂತಿ ಯಾವ ಪೇಟೆಯಲ್ಲೂ ಇರಲಿಲ್ಲ, ತಾಮ್ರವೆಲ್ಲ ಯುದ್ಧಕ್ಕೆ ಹೋಗುತ್ತಿತ್ತು.

ಆರ್ಮೇಚರನ್ನು ಬಂಡಿಯಲ್ಲಿ ಹಾಕಿಸಿಕೊಂಡು ಮನೆಗೆ ತಂದೆ. ಸುಟ್ಟ ಕಟ್ಟುಗಳನ್ನು ಉಳಿಯಿಂದ ಕತ್ತರಿಸಿ ತೆಗೆಯಲು ಕೂತೆ. ಮೊದಲ ಏಟು ಹಾಕುವುದಕ್ಕೂ ಹೆಂಡತಿ ಕೆಲಸ ಬಿಟ್ಟು ಬಂದು ನನ್ನ ಮುಂದೆ ಕೂರುವುದಕ್ಕೂ ಸರಿಹೋಯಿತು.

"ಕಡೀಬ್ಯಾಡ್ರಿ," ಎಂದಳು. "ಬಿಚ್ಚೂಣು. ಹೆಂಗ ಸುತ್ಯಾರ ಅನ್ನೂದು ಬಿಚ್ಚುವಾಗ ತಿಳಿತೈತಿ."

ಇದು ಸೀರೆಯಲ್ಲ, ಮೋಟರು ಎಂದು ರೇಗಿದೆ. ಆಕೆ ಎದ್ದು ಹೋಗಲಿಲ್ಲ. ಆರ್ಮೇಚರನ್ನು ಒಂದು ಸುತ್ತು ತಿರುಗಿಸಿ ನೋಡಿದಳು. ಯಾವ ಕಟ್ಟು ಯಾವುದರ ಮೇಲೆ ಹಾದುಹೋಗಿದೆ, ಯಾವ ತುದಿ ಯಾವ ತಾಮ್ರದ ಪಟ್ಟಿಗೆ ಸೇರಿದೆ ಎಂದು ಬೆರಳಿಟ್ಟು ಓದಿಕೊಂಡಳು. ಒಂದು ಕಟ್ಟು ಒಳಗಿಳಿದ ಗಾಡಿಗೂ ಅದು ಮೇಲೆ ಬರುವ ಗಾಡಿಗೂ ನಡುವೆ ಎಷ್ಟು ಗಾಡಿಗಳು ಎಂದು ಎಣಿಸಿದಳು, ಮತ್ತೊಂದನ್ನು ಎಣಿಸಿದಳು, ಎಲ್ಲವೂ ಒಂದೇ ಲೆಕ್ಕದಲ್ಲಿವೆ ಎಂದು ನನಗೆ ತೋರಿಸಿದಳು. ವರ್ಷವಿಡೀ ಅದರ ಮುಂದೆ ಕೂತಿದ್ದ ನನಗೆ ಅದು ತಂತಿಯ ಗೊಂಚಲಾಗಿ ಕಂಡಿತ್ತೇ ಹೊರತು ನೇಯ್ಗೆಯಾಗಿ ಕಂಡಿರಲಿಲ್ಲ. ಉಳಿ ಕೆಳಗಿಟ್ಟೆ.

ಪ್ರತಿ ಕಟ್ಟಿನ ಮೊದಲ ತುದಿಗೆ ಕೆಂಪು ದಾರ, ಕೊನೆಯ ತುದಿಗೆ ಕರಿ ದಾರ ಕಟ್ಟಿದಳು. ಒಂದೊಂದನ್ನೇ ಬಿಚ್ಚುತ್ತ ಸುತ್ತುಗಳನ್ನು ಎಣಿಸಿದಳು. ಅರ್ಧದಷ್ಟು ಕಟ್ಟುಗಳ ಮೇಲಿನ ಹತ್ತಿಯ ಹೊದಿಕೆ ಇದ್ದಿಲಾಗಿತ್ತು. ಒಳಗಿನ ತಾಮ್ರ ಮಾತ್ರ ಗಟ್ಟಿಯಾಗಿತ್ತು. ಬೆತ್ತಲೆ ತಂತಿಯನ್ನು ಸುತ್ತಿದರೆ ಒಂದಕ್ಕೊಂದು ತಾಗಿ ಮತ್ತೆ ಸುಡುತ್ತದೆ, ಹೊದಿಕೆಯ ತಂತಿ ಎಲ್ಲಿಂದ ತರಲಿ ಎಂದು ನಾನು ತಲೆಯ ಮೇಲೆ ಕೈ ಹೊತ್ತು ಕೂತೆ. ಆಕೆ ಎದ್ದು ಒಳಗೆ ಹೋಗಿ ರಾಟಿ ತಂದಳು.

ಇನ್ನು ಆಕೆ ಮಾಡಿದ್ದನ್ನು ನೆನೆದರೆ ನನಗೆ ಈಗಲೂ ಸೋಜಿಗ. ಒಂದು ಕಟ್ಟಿಗೆ ಬೇಕಾದಷ್ಟು ತಂತಿಯನ್ನು ಉಜ್ಜಿ ನೆಟ್ಟಗೆ ಮಾಡಿ, ಒಂದು ತುದಿಯನ್ನು ರಾಟಿಯ ತಿರುಗುವ ಕಡ್ಡಿಗೆ, ಕದಿರಿಗೆ, ಸಿಕ್ಕಿಸಿದಳು. ಇನ್ನೊಂದು ತುದಿಗೆ ತಿರುಗುವ ಕೊಂಡಿ ಬೇಕು ಎಂದಳು, ನಾನು ಮಾಡಿಕೊಟ್ಟೆ. ಹಿತ್ತಲಿನ ಈ ಗೋಡೆಯಿಂದ ಆ ಗೋಡೆಗೆ ತಂತಿ ಬಿಗಿದಾಯಿತು. ನಾನು ರಾಟಿ ತಿರುಗಿಸಿದರೆ ತಂತಿ ತನ್ನಷ್ಟಕ್ಕೆ ಉರುಳುತ್ತಿತ್ತು. ಆಕೆ ಸಣ್ಣ ನೂಲನ್ನು ಬೆರಳ ಸಂದಿಯಲ್ಲಿ ಹಿಡಿದು, ತಂತಿಯ ಉದ್ದಕ್ಕೂ ಹೆಜ್ಜೆ ಹೆಜ್ಜೆಯಾಗಿ ನಡೆಯುತ್ತಿದ್ದಳು. ನೂಲು ಒಂದರ ಪಕ್ಕ ಒಂದು ಸಂದಿಲ್ಲದಂತೆ ಕೂರುತ್ತಿತ್ತು. ಎಲ್ಲಾದರೂ ತಾಮ್ರ ಇಣುಕಿದರೆ ನನಗೆ ಕಾಣುವ ಮೊದಲೇ ಆಕೆಯ ಬೆರಳಿಗೆ ತಿಳಿಯುತ್ತಿತ್ತು, ನಿಲ್ಲಿಸಿರಿ ಎನ್ನುತ್ತಿದ್ದಳು, ಹಿಂದೆ ಬಿಚ್ಚಿ ಮತ್ತೆ ಸುತ್ತುತ್ತಿದ್ದಳು. ದಿನಕ್ಕೆ ಒಂದು ಕಟ್ಟು, ಬಹಳವಾದರೆ ಎರಡು. ಐದಾರು ದಿನಕ್ಕೆ ಆಕೆಯ ಬೆರಳ ಸಂದಿ ನೂಲಿನ ಉಜ್ಜಾಟಕ್ಕೆ ಕಿತ್ತು ರಕ್ತ ಬಂತು. ಬಟ್ಟೆ ಸುತ್ತಿಕೊಂಡರೆ ತಾಮ್ರ ತಿಳಿಯುವುದಿಲ್ಲವೆಂದು ಬರಿಗೈಯಲ್ಲೇ ಹಿಡಿದಳು.

ಓಣಿಯಲ್ಲಿ ತಂತಿ ಬಿಗಿದರೆ ಜಾಗ ಹೆಚ್ಚು ಸಿಗುತ್ತದೆ, ನೇಕಾರರು ಉದ್ದದ ಎಳೆಗಳ ಹಾಸು ಹಾಕುವುದೂ ಹಾಗೆಯೇ ಎಂದು ಆಕೆ ಮೊದಲೇ ಹೇಳಿದ್ದಳು. ನಾನೇ ಬೇಡ ಎಂದಿದ್ದೆ. ಮಿಸ್ತ್ರಿ ಹೆಂಡತಿಯ ಮಾತಿನಂತೆ ರಾಟಿ ತಿರುಗಿಸುವುದನ್ನು ಊರು ನೋಡುವುದು ನನಗೆ ಬೇಕಿರಲಿಲ್ಲ. ಹಿತ್ತಲ ಬಾಗಿಲಿಗೆ ಗೋಣಿಯನ್ನೂ ಕಟ್ಟಿದ್ದೆ. ಗಿರಣಿಯವರು ಬಂದು ವಿಚಾರಿಸಿದರೆ, ಕೆಲಸ ನಡೆದಿದೆ ಎಂದಷ್ಟೇ ಹೇಳಿ ಹೊರಗಿನಿಂದಲೇ ಕಳಿಸುತ್ತಿದ್ದೆ.

ನನ್ನ ಪಾಲಿನ ಕೆಲಸವೂ ಇತ್ತು, ಇಲ್ಲವೆನ್ನುವುದಿಲ್ಲ. ತಾಮ್ರದ ಗುಂಡಿನ ಒಂದೊಂದು ಸಂದಿಯನ್ನೂ ಕೆರೆದು ಕಪ್ಪು ಅಂಟು ತೆಗೆದೆ, ಸ್ಪಿರಿಟ್ಟಿನಲ್ಲಿ ತೊಳೆದೆ. ಕಿನ್ನಾಳದ ಗೊಂಬೆ ಮಾಡುವವರಲ್ಲಿಗೆ ಹೋಗಿ ಒಳ್ಳೆಯ ಅರಗು ತಂದು, ಸ್ಪಿರಿಟ್ಟಿನಲ್ಲಿ ಕರಗಿಸಿ ವಾರ್ನಿಷು ಮಾಡಿದೆ. ಆಕೆ ಒಂದೊಂದು ಕಟ್ಟನ್ನೂ ಗಾಡಿಯೊಳಗೆ ಸುತ್ತಿ ಕೂರಿಸಿದ ಮೇಲೆ, ಅದು ಮೇಲೆದ್ದು ಬರದಂತೆ ಬಿದಿರಿನ ಸೀಳು ಕೆತ್ತಿ ಬಡಿದೆ. ಕಟ್ಟಿಗೆ ಮುಟ್ಟುವುದಿಲ್ಲ ಎಂದಿದ್ದೆನಲ್ಲ, ಆ ಬಿದಿರು ಕೆತ್ತುವಾಗ ಅಪ್ಪನ ನೆನಪಾಗಿ ಕಣ್ಣು ಮಂಜಾಯಿತು. ಕೆಂಪು, ಕರಿ ದಾರಗಳ ಗುರುತು ಹಿಡಿದು ಆಕೆ ತುದಿಗಳನ್ನು ತೋರಿಸಿದಂತೆ ತಾಮ್ರಕ್ಕೆ ಬೆಸುಗೆ ಹಾಕಿದೆ. ಆಮೇಲೆ ಎಲ್ಲಕ್ಕೂ ವಾರ್ನಿಷು ಕುಡಿಸಿ, ಆರಲು ಬಿಟ್ಟು, ಎರಡು ದಿನ ಕೆಂಡದ ಶಾಖದಲ್ಲಿ ತಿರುಗಿಸುತ್ತ ಒಣಗಿಸಿದೆವು.

ಗಿರಣಿಗೆ ಒಯ್ದು, ಡೈನಮೊದ ತಂತಿಗೆ ಒಂದು ಬಲ್ಬು ಜೋಡಿಸಿ ಪರೀಕ್ಷೆ ಮಾಡಿದೆ. ಕಟ್ಟಿನ ಕರೆಂಟು ಕಬ್ಬಿಣದ ಮೈಗೆ ಸೋರುತ್ತಿದ್ದರೆ ಬಲ್ಬು ಹತ್ತುತ್ತದೆ. ಹತ್ತಲಿಲ್ಲ. ದೀಪ ಹತ್ತದೇ ಇದ್ದದ್ದಕ್ಕೆ ಅಷ್ಟು ಸಂತೋಷಪಟ್ಟವನು ಆ ಸೀಮೆಯಲ್ಲಿ ನಾನೊಬ್ಬನೇ ಇರಬೇಕು. ಈ ಸಲ ಕಾರ್ಬನ್ನಿನ ತುದಿಯನ್ನು ಗಾಜಿನ ಕಾಗದದಲ್ಲಿ ಅರ್ಧ ದಿನ ಉಜ್ಜಿದೆ.

ದೀಪಾವಳಿಗೆ ಇನ್ನೂ ಎರಡು ದಿನವಿತ್ತು. ಮಧ್ಯಾಹ್ನ ಸಾಹುಕಾರರು ಬಂದು ನಿಂತರು, ಗಿರಣಿಯ ಆಳುಗಳು, ಅಕ್ಕಿ ಹಸನು ಮಾಡುವ ಹೆಂಗಸರು ಎಲ್ಲ ಸೇರಿದರು. ನನ್ನ ಬುತ್ತಿ ತಂದಿದ್ದ ಹೆಂಡತಿಯೂ ಆ ಹೆಂಗಸರ ಸಾಲಿನಲ್ಲಿ ನಿಂತಿದ್ದಳು. ಗುಂಡಿ ಹಾಕಿದೆ. ಮೋಟರು ಒಮ್ಮೆ ಮೈ ಕೊಡವಿ, ತಿರುಗಿ, ವೇಗ ಹಿಡಿಯಿತು. ಕಾರ್ಬನ್ನಿನ ಕೆಳಗೆ ಕಿಡಿ ಇಲ್ಲ, ಸದ್ದೂ ಇಲ್ಲ. ಪಟ್ಟಾ ಏರಿಸಿ ಶೇಂಗಾ ಸುರಿದರು. ಸಾಹುಕಾರರು ಬಹಳ ಹೊತ್ತು ನಿಂತೇ ನೋಡಿದರು. ನಾನು ಕಾವು ನೋಡಲು ಹಿಂಗೈ ಇಟ್ಟೆ, ಮೈ ಬೆಚ್ಚಗಿತ್ತು, ಅಷ್ಟೇ.

"ಇಷ್ಟು ಛಲೋ ಕಟ್ಟಿದವರು ಯಾರು? ಹೊರಗಿನ ಮಂದೀನ ತರಿಸಿದ್ಯೇನು?" ಎಂದು ಸಾಹುಕಾರರು ಕೇಳಿದರು.

ಆಕೆ ಹತ್ತು ಹೆಜ್ಜೆಯಾಚೆ ನಿಂತಿದ್ದಳು. ಬಲಗೈಯನ್ನು ಸೆರಗಿನೊಳಗೆ ಮುಚ್ಚಿಕೊಂಡಿದ್ದಳು. ಆಕೆಯ ಕಡೆ ತೋರಿಸಲು ನನಗೆ ಒಂದು ಮಾತು ಸಾಕಿತ್ತು.

"ನಾನ್ರೀ," ಎಂದೆ.

ಸಾಹುಕಾರರು ಎಲ್ಲರೆದುರಿಗೆ ನನ್ನ ಕೈಯನ್ನು ತಮ್ಮ ಎರಡೂ ಕೈಯಲ್ಲಿ ಹಿಡಿದರು. ಇಂಥ ಕೈ ಈ ಸೀಮೆಯಲ್ಲೇ ಇಲ್ಲ, ನೀನು ಇರುವವರೆಗೆ ಹೊಸಪೇಟೆಯವರ ಮಾತೇ ಬೇಡ ಎಂದರು. ಆಳುಗಳು ಹೌದೆಂದರು. ನಾನು ತಲೆ ಎತ್ತಿ ಹೆಂಗಸರ ಸಾಲಿನ ಕಡೆ ನೋಡಲು ಧೈರ್ಯ ಮಾಡಿದಾಗ ಆಕೆ ನನ್ನನ್ನು ನೋಡುತ್ತಿರಲಿಲ್ಲ. ಮೋಟರನ್ನೇ ನೋಡುತ್ತಿದ್ದಳು, ಕಣ್ಣು ತುಂಬ. ಆಮೇಲೆ ಬುತ್ತಿಯ ಗಂಟನ್ನು ಕಂಬದ ಹತ್ತಿರ ಇಟ್ಟು ಮನೆಗೆ ಹೋದಳು.

ಸಂಜೆ ಮನೆಗೆ ಹೋಗಲು ಸುತ್ತುದಾರಿ ಹಿಡಿದೆ. ತಪ್ಪು ಮಾಡಿದವನು ಮೊದಲು ಕೂಗುತ್ತಾನೆ. ಹೊಸ್ತಿಲು ದಾಟುತ್ತಲೇ, ಬುತ್ತಿಯ ಪಲ್ಯದಲ್ಲಿ ಉಪ್ಪು ಹೆಚ್ಚಾಗಿತ್ತು ಎಂದು ಜಗಳ ತೆಗೆದೆ. ಪಲ್ಯವನ್ನು ನಾನು ಬಾಯಿಗೂ ಇಟ್ಟಿರಲಿಲ್ಲ. ಆಕೆ ರೊಟ್ಟಿ ಬಡಿಯುತ್ತಿದ್ದಳು, ಗಾಯದ ಬೆರಳುಗಳನ್ನು ಹಿಟ್ಟಿಗೆ ತಾಗದಂತೆ ಎತ್ತಿ ಹಿಡಿದು, ಅಂಗೈಯಿಂದಷ್ಟೇ. ನನ್ನ ಕೂಗಾಟ ಮುಗಿಯುವಷ್ಟರಲ್ಲಿ ಇನ್ನೊಂದು ರೊಟ್ಟಿ ಬಡಿದಳು. ಬಯ್ಯುತ್ತಾಳೆ, ಅಳುತ್ತಾಳೆ, ತವರಿಗೆ ಹೋಗುತ್ತೇನೆನ್ನುತ್ತಾಳೆ ಎಂದು ಕಾದೆ.

ಆಕೆ ರೊಟ್ಟಿಯನ್ನು ಹಂಚಿಗೆ ಹಾಕಿ, ನನ್ನ ಕಡೆ ತಿರುಗಿ ಕೇಳಿದಳು. "ಸಾವಕಾರ್ರು ನಾಳೆ ಕೇಳಿದ್ರ ಏನ್ ಹೇಳ್ತೀರಿ? ಒಂದು ಕಟ್ಟಿಗೆ ಎಷ್ಟು ಸುತ್ತು?"

ನನಗೆ ಗೊತ್ತಿರಲಿಲ್ಲ. ಹನ್ನೆರಡಿರಬಹುದು ಎಂದೆ.

"ಹದಿನಾಲ್ಕು," ಎಂದಳು. "ಎಷ್ಟು ಗಾಡಿ ಬಿಟ್ಟು ಮ್ಯಾಲೆ ಬರ್ತೈತಿ?"

ಅದೂ ಗೊತ್ತಿರಲಿಲ್ಲ. ಹೇಳಿಕೊಟ್ಟಳು. ಮೊದಲ ತುದಿ ಯಾವ ಪಟ್ಟಿಗೆ, ಕೊನೆಯ ತುದಿ ಯಾವ ಪಟ್ಟಿಗೆ, ಸುತ್ತುವಾಗ ಯಾವ ಕೈ ಮುಂದೆ, ಎಲ್ಲವನ್ನೂ ಹೇಳಿದಳು. ಸಿಟ್ಟಿನ ಒಂದು ಎಳೆಯೂ ಆ ದನಿಯಲ್ಲಿರಲಿಲ್ಲ. ನನ್ನ ಸುಳ್ಳು ಯಾರ ಕೈಗೂ ಸಿಕ್ಕಬಾರದು, ನನ್ನ ಕೆಲಸ ಹೋಗಬಾರದು, ಅಷ್ಟೇ ಆಕೆಗೆ ಬೇಕಾಗಿದ್ದದ್ದು. ನಾಚಿಕೆಯಿಂದ ನನ್ನ ಕಿವಿ ಸುಡುತ್ತಿತ್ತು. ತಪ್ಪಾಯಿತು ಎನ್ನಲು ಬಾಯಿ ತೆರೆದೆ.

"ಅದು ಇರಲಿ. ಮದ್ಲು ಇದನ್ನ ಬಾಯಿಪಾಠ ಮಾಡ್ರಿ," ಎಂದಳು.

ಆ ಸೀಮೆಯಲ್ಲೇ ಇಲ್ಲದ ಕೈಯ ಮಿಸ್ತ್ರಿ ನಾನು, ಒಲೆಯ ಮುಂದೆ ನಿಂತು ಮೊದಲಿನಿಂದ ಒಪ್ಪಿಸಿದೆ. ಎರಡು ಕಡೆ ತಪ್ಪಿದೆ. ಆಕೆ ರೊಟ್ಟಿ ತಿರುವಿಹಾಕುತ್ತ ಎರಡನ್ನೂ ತಿದ್ದಿದಳು.